ನಿಸ್ತಂತು ಶಟರ್ ರಿಮೋಟ್: ಬಗೆಗಳು ಮತ್ತು ಆಯ್ಕೆ

ಡಿಜಿಟಲ್ ಕ್ಯಾಮೆರಾದ ಶಟರ್ ಗುಂಡಿಯನ್ನು ಬೆರಳಿನಿಂದ ಮುಟ್ಟದೆ, ನಡುವೆ ತಂತಿಯೂ ಇಲ್ಲದೆ, ದೂರದಿಂದಲೇ ಚಿತ್ರ ತೆಗೆಯಲು ನೆರವಾಗುವ ಸಣ್ಣ ಉಪಕರಣ. ಛಾಯಾಗ್ರಾಹಕರ ಆಡುಮಾತಿನಲ್ಲಿ ಬರೀ ‘ರಿಮೋಟ್’. ಇವುಗಳಲ್ಲಿ ಅವಕೆಂಪು ಕಿರಣ ಬಳಸುವವು, ರೇಡಿಯೋ ತರಂಗ ಬಳಸುವವು, ಬ್ಲೂಟೂತ್ ಬಳಸುವವು ಎಂದು ಮೂರು ಬಗೆ. ಮೊಬೈಲ್ ಫೋನನ್ನೇ ರಿಮೋಟ್ ಮಾಡಿಕೊಳ್ಳುವ ಆ್ಯಪ್‌ಗಳು ನಾಲ್ಕನೆಯ ದಾರಿ. ಕೊಳ್ಳಲು ಹೊರಟವರ ಕಣ್ಣು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಬರೆದ ದೂರದ ಮೇಲೂ ಬೆಲೆಯ ಮೇಲೂ ಇರುತ್ತದೆ. ಆದರೆ ಮೊದಲು ತಿರುಗಿಸಿ ನೋಡಬೇಕಾದ್ದು ಕೈಯಲ್ಲಿರುವ ಕ್ಯಾಮೆರಾವನ್ನು. ಯಾವ ಸಂಕೇತವನ್ನು ಕೇಳಿಸಿಕೊಳ್ಳುವ ಕಿವಿ ಅದಕ್ಕಿದೆ ಎಂಬುದು ಗೊತ್ತಾದರೆ ಮುಕ್ಕಾಲು ಆಯ್ಕೆ ಮುಗಿದಂತೆಯೇ. ಉಳಿದ ಕಾಲು ಭಾಗವನ್ನು ತೆಗೆಯಬೇಕಾದ ಚಿತ್ರ ತೀರ್ಮಾನಿಸುತ್ತದೆ.

ಎಲ್ಲಿ ಬೇಕಾಗುತ್ತದೆ

ಟ್ರೈಪಾಡ್ ಮೇಲೆ ಬಿಗಿಯಾಗಿ ಕೂರಿಸಿದ ಕ್ಯಾಮೆರಾ ಕೂಡ ಬೆರಳು ಒತ್ತಿದೊಡನೆ ಸಣ್ಣಗೆ ಅದುರುತ್ತದೆ. ಶಟರ್ 1/500 ಸೆಕೆಂಡಿನಲ್ಲಿ ತೆರೆದು ಮುಚ್ಚಿಕೊಂಡರೆ ಆ ಅದುರು ಚಿತ್ರದಲ್ಲಿ ಕಾಣಿಸುವುದಿಲ್ಲ. ಶಟರ್ ಹತ್ತಾರು ಸೆಕೆಂಡು ತೆರೆದೇ ಇದ್ದಾಗಲೂ ಹೆಚ್ಚು ಕೆಡುಕಿಲ್ಲ; ಒಟ್ಟು ಅವಧಿಯಲ್ಲಿ ಅದುರಿದ ಹೊತ್ತು ತೀರ ಚಿಕ್ಕದು. ಪೆಟ್ಟು ಬೀಳುವುದು ನಡುವಿನ ವೇಗಗಳಿಗೆ, ಸುಮಾರು 1/60 ಸೆಕೆಂಡಿನಿಂದ 1 ಸೆಕೆಂಡಿನವರೆಗಿನವಕ್ಕೆ. ಮುಸ್ಸಂಜೆಯ ಬೆಳಕು, ದೇವಸ್ಥಾನದ ನವರಂಗದ ಮಬ್ಬು, ಎಲೆಯ ಮೇಲಿನ ಕೀಟವನ್ನು ಹತ್ತಿರದಿಂದ ಹಿಡಿಯುವ ಮ್ಯಾಕ್ರೋ ಲೆನ್ಸ್, ಉದ್ದನೆಯ ಟೆಲಿಲೆನ್ಸ್ ಇವೆಲ್ಲ ಛಾಯಾಗ್ರಾಹಕನನ್ನು ತಂದು ನಿಲ್ಲಿಸುವುದು ಈ ವೇಗಗಳಲ್ಲೇ.

ಎರಡನೆಯ ಅಗತ್ಯ ಹೆಚ್ಚು ಹೊತ್ತಿನ ಎಕ್ಸ್‌ಪೋಷರ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಸಿದ್ಧ ಆಯ್ಕೆಗಳು 30 ಸೆಕೆಂಡಿಗೆ ನಿಲ್ಲುತ್ತವೆ. ಅದನ್ನು ಮೀರಬೇಕಾದರೆ ‘ಬಲ್ಬ್’ ಸ್ಥಿತಿಗೆ ಹೋಗಬೇಕು. ಅಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ. ಜೋಗದ ನೀರು ಹಾಲಿನ ನೊರೆಯಾಗಿ ಇಳಿಯುವಂತೆ ತೋರಿಸಲು 10 ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿದರೆ ಒಳಬರುವ ಬೆಳಕು ಸುಮಾರು 1,000ದ ಒಂದು ಪಾಲಿಗೆ ಇಳಿಯುತ್ತದೆ. ಫಿಲ್ಟರ್ ಇಲ್ಲದಾಗ 1/15 ಸೆಕೆಂಡು ಸಾಕಾಗಿದ್ದ ಕಡೆ ಈಗ 68 ಸೆಕೆಂಡು ಬೇಕು. ಅಷ್ಟು ಹೊತ್ತು ಬೆರಳನ್ನು ಗುಂಡಿಯ ಮೇಲೆ ಕದಲಿಸದೆ ಇಡುವುದು ಯಾರಿಂದಲೂ ಆಗದ ಕೆಲಸ. ನಕ್ಷತ್ರಗಳು ಆಗಸದಲ್ಲಿ ಎಳೆಯುವ ಕಮಾನುಗಳ ಚಿತ್ರಕ್ಕೂ ಇದೇ ಮಾತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಕಣ್ಣಿಗೆ ಒಪ್ಪುವಷ್ಟು ಉದ್ದದ ಕಮಾನಿಗೆ ಒಂದೆರಡು ಗಂಟೆಯಾದರೂ ಬೇಕು. ಒಂದೇ ದೀರ್ಘ ಎಕ್ಸ್‌ಪೋಷರ್ ಬದಲು ಬಿಡುವಿಲ್ಲದೆ ನೂರಾರು ಚಿತ್ರ ತೆಗೆದು ಬಳಿಕ ಜೋಡಿಸುವುದು ಈಗಿನ ವಾಡಿಕೆ.

ಮೂರನೆಯದು, ಛಾಯಾಗ್ರಾಹಕ ಕ್ಯಾಮೆರಾದ ಬಳಿ ಇರಬಾರದಾದ ಅಥವಾ ಇರಲಾಗದ ಸಂದರ್ಭ: ಮನೆಮಂದಿಯ ಗುಂಪುಚಿತ್ರದಲ್ಲಿ ತಾನೂ ನಿಲ್ಲಬೇಕಾದಾಗ, ನೀರಿನ ತೊಟ್ಟಿಗೆ ಬರುವ ಹಕ್ಕಿಗೆ ಮನುಷ್ಯರ ಸುಳಿವು ಹತ್ತಬಾರದಾದಾಗ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಟ್ಟಡ, ಬೆಟ್ಟ, ಮೇಜಿನ ಮೇಲಿಟ್ಟ ವಸ್ತು ಹೀಗೆ ಕದಲದ ವಿಷಯಗಳಿಗೆ ರಿಮೋಟ್ ಬೇಕೇ ಇಲ್ಲ. ಎಲ್ಲ ಕ್ಯಾಮೆರಾಗಳಲ್ಲೂ ಇರುವ ಸೆಲ್ಫ್ ಟೈಮರನ್ನು 2 ಸೆಕೆಂಡಿಗೆ ಇಟ್ಟರೆ ಬೆರಳಿನ ಅದುರು ಅಡಗಿದ ಮೇಲೆಯೇ ಶಟರ್ ತೆರೆಯುತ್ತದೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೇಳುವಾಗಿನ ಹೊಡೆತವೂ ಸೇರುವುದರಿಂದ ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ಮಿರರ್ ಲಾಕ್-ಅಪ್ ಬಳಸುವುದು ಇನ್ನೂ ಒಳ್ಳೆಯದು. ಟೈಮರ್ ಸೋಲುವುದು ಕ್ಷಣವೇ ಮುಖ್ಯವಾದ ಕಡೆ. ಗಾಳಿ ನಿಂತು ಹೂ ಅಲುಗಾಡದ ಆ ಅರೆಗಳಿಗೆ, ಹಕ್ಕಿ ಕೊಂಬೆಗೆ ಬಂದು ಕೂತು ತಲೆ ಹೊರಳಿಸುವ ಹೊತ್ತು 2 ಸೆಕೆಂಡು ಕಾಯುವುದಿಲ್ಲ. ರಿಮೋಟಿಗೆ ಹಣ ಕೊಡುವುದು ಸಾರ್ಥಕವಾಗುವುದು ಅಲ್ಲೇ.

ಹಿನ್ನೆಲೆ

ಕ್ಯಾಮೆರಾವನ್ನು ಮುಟ್ಟದೆ ಚಿತ್ರ ತೆಗೆಯುವ ಹಂಬಲ ಛಾಯಾಗ್ರಹಣದ ಬಾಲ್ಯದಲ್ಲೇ ಹುಟ್ಟಿದ್ದು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಓಡುವ ಕುದುರೆಯ ಚಿತ್ರಸರಣಿ ತೆಗೆದಾಗ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಟದ ಹಾದಿಗೆ ಅಡ್ಡವಾಗಿ ದಾರ ಕಟ್ಟಿಸಿದ. ಕುದುರೆ ದಾರ ತಾಗಿಸಿಕೊಂಡು ಓಡಿದಂತೆ ವಿದ್ಯುತ್ ಸಂಪರ್ಕದಿಂದ ಒಂದೊಂದೇ ಶಟರ್ ತೆರೆದುಕೊಂಡಿತು. ಅಮೆರಿಕದ ಜಾರ್ಜ್ ಶೈರಸ್ ರಾತ್ರಿ ಹೊತ್ತು ಕಾಡುಪ್ರಾಣಿಗಳನ್ನು ಬೆಳಕಿನ ಸ್ಫೋಟ ಮತ್ತು ಎಳೆದು ಕಟ್ಟಿದ ದಾರದ ನೆರವಿನಿಂದ ಚಿತ್ರಿಸಿದ. ಅವನ 74 ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಅಚ್ಚುಹಾಕಿತು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಇದೇ ಉಪಾಯದಿಂದ ಹುಲಿಗಳ ಚಿತ್ರ ತೆಗೆದು 1927ರಲ್ಲಿ ಪುಸ್ತಕವಾಗಿ ತಂದರು. ಬಂದೂಕಿನ ಕಾಲದಲ್ಲಿ ಕ್ಯಾಮೆರಾ ಹಿಡಿದು ಹುಲಿಯ ಹಿಂದೆ ಹೋದ ಆ ಅಧಿಕಾರಿಯ ಕೆಲಸಕ್ಕೆ ನಮ್ಮ ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಸ್ಥಾನವಿದೆ.

ಈ ಪರಂಪರೆಯ ಮುಂದಿನ ಮುಖ್ಯ ಕೊಂಡಿ ಕರ್ನಾಟಕದಲ್ಲೇ ಇದೆ. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಗಳಲ್ಲಿ, ಪ್ರಾಣಿ ಹಾಯ್ದಾಗ ತಾನಾಗಿಯೇ ಕೆಲಸ ಮಾಡುವ ಕ್ಯಾಮೆರಾಗಳನ್ನು ಇಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದರದ್ದನ್ನು ಹೋಲುವುದಿಲ್ಲವಾದ್ದರಿಂದ, ಸಿಕ್ಕ ಚಿತ್ರಗಳಿಂದ ಹುಲಿಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ಅವುಗಳ ಸಂಖ್ಯೆಯನ್ನು ಅಂದಾಜು ಮಾಡಿದರು. 1995ರಲ್ಲಿ ಪ್ರಕಟವಾದ ಈ ಅಧ್ಯಯನ ಹುಲಿ ಎಣಿಕೆಯ ದಾರಿಯನ್ನೇ ಬದಲಿಸಿತು. ಕ್ಯಾಮೆರಾ ಟ್ರ್ಯಾಪ್ ಎಂಬ ಈ ಸಾಧನ ಶಟರ್ ರಿಮೋಟಿನ ಹತ್ತಿರದ ಸಂಬಂಧಿ. ವ್ಯತ್ಯಾಸ ಒಂದೇ: ಅಲ್ಲಿ ಗುಂಡಿ ಒತ್ತುವುದು ಹುಲಿ.

ಸ್ಟುಡಿಯೋಗಳಲ್ಲಿ ಬೇರೆ ಕವಲು ಬೆಳೆಯಿತು. ರಬ್ಬರ್ ಬುರುಡೆ ಹಿಂಡಿ ಗಾಳಿಯ ಒತ್ತಡದಿಂದ ಶಟರ್ ತೆರೆಯುವ ವ್ಯವಸ್ಥೆ ಮೊದಲು ಬಂತು, ಆಮೇಲೆ ಬಾಗುವ ಉಕ್ಕಿನ ಕೇಬಲ್ ರಿಲೀಸ್. ಶಟರ್ ಗುಂಡಿಯ ನಡುವಿನ ಮರೆಗೆ ತಿರುಗಿಸಿ ಕೂರಿಸುವ ಈ ಕೇಬಲ್ ಫ್ಯೂಜಿಫಿಲ್ಮ್ ಎಕ್ಸ್100, ನಿಕಾನ್ ಡಿಎಫ್‌ನಂಥ ಡಿಜಿಟಲ್ ಕ್ಯಾಮೆರಾಗಳಲ್ಲೂ ನಡೆಯುತ್ತದೆ. ಬ್ಯಾಟರಿ ಕೇಳದ ಉಪಾಯ ಇದು. 1970ರ ದಶಕದಲ್ಲಿ ನಿಕಾನ್ ‘ಮಾಡ್ಯುಲೈಟ್’ ಹೆಸರಿನಲ್ಲಿ ಅವಕೆಂಪು ರಿಮೋಟ್ ಹೊರತಂದ ಮೇಲೆ ತಂತಿಯ ಹಂಗು ಕಳಚಿತು.

ಕ್ಯಾಮೆರಾದ ಕಿವಿ

ಕೊಳ್ಳುವ ಮುನ್ನ ಕ್ಯಾಮೆರಾದಲ್ಲಿ ಹುಡುಕಬೇಕಾದ್ದು ಮೂರು. ಹಿಡಿಕೆಯ ಮೇಲೋ ಮುಂಭಾಗದಲ್ಲೋ ಕಡುಗೆಂಪು ಅಥವಾ ಕಪ್ಪು ಬಣ್ಣದ ಸಣ್ಣ ಪ್ಲಾಸ್ಟಿಕ್ ಕಿಟಕಿ ಇದ್ದರೆ ಅದು ಅವಕೆಂಪು ಗ್ರಾಹಕವಾಗಿರಬಹುದು. ಪಕ್ಕದ ರಬ್ಬರ್ ಮುಚ್ಚಳದಡಿ ರಿಮೋಟ್ ಸಾಕೆಟ್ ಇರಬಹುದು. ಮೆನುವಿನಲ್ಲಿ ಬ್ಲೂಟೂತ್ ರಿಮೋಟ್ ಎಂಬ ಸಾಲು ಇರಬಹುದು. ಬ್ಲೂಟೂತ್ ಇದ್ದ ಮಾತ್ರಕ್ಕೆ ರಿಮೋಟನ್ನು ಒಪ್ಪುತ್ತದೆ ಎಂದಲ್ಲ, ಅದು ಫೋನಿಗೆ ಮಾತ್ರ ಮೀಸಲಾಗಿರುವುದೂ ಉಂಟು. ಕೈಪಿಡಿಯಲ್ಲಿ ಹೊಂದುವ ಪರಿಕರಗಳ ಪುಟವೊಂದನ್ನು ಓದಿದರೆ ಎಷ್ಟೋ ವ್ಯರ್ಥ ಖರೀದಿ ತಪ್ಪುತ್ತದೆ.

ಒಂದೇ ಕಂಪನಿ, ಒಂದೇ ಸರಣಿ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. 2016ರ ನಿಕಾನ್ ಡಿ3400 ಕ್ಯಾಮೆರಾ ಎಂಎಲ್-ಎಲ್3 ಎಂಬ ಅಗ್ಗದ ಅವಕೆಂಪು ರಿಮೋಟಿಗೆ ಸ್ಪಂದಿಸುತ್ತದೆ. ಅದರ ಜಾಗಕ್ಕೆ 2018ರಲ್ಲಿ ಬಂದ ಡಿ3500ರಲ್ಲಿ ಆ ಗ್ರಾಹಕವೂ ಇಲ್ಲ, ರಿಮೋಟ್ ಸಾಕೆಟ್ಟೂ ಇಲ್ಲ. ಫೋನಿನ ಸ್ನ್ಯಾಪ್‌ಬ್ರಿಡ್ಜ್ ಆ್ಯಪ್ ಒಂದೇ ದಾರಿ. ಹೊಸಬರು ಮೊದಲ ಕ್ಯಾಮೆರಾ ಕೊಳ್ಳುವಾಗ ಈ ಅಂಶವನ್ನು ಯಾರೂ ಹೇಳಿಕೊಡುವುದಿಲ್ಲ. ಮುಂದೆ ರಾತ್ರಿ ಆಕಾಶದ ಗೀಳು ಹತ್ತಬಹುದಾದವರು ಸಾಕೆಟ್ ಇರುವ ಮಾದರಿಯನ್ನೇ ಆರಿಸಿಕೊಳ್ಳುವುದು ಲೇಸು.

ಸಾಕೆಟ್ಟಿನ ಒಳಗುಟ್ಟು ಬಹಳ ಸರಳ. ಕ್ಯಾನನ್‌ನ ಸಾಮಾನ್ಯ ದರ್ಜೆಯ ಹಲವು ಕ್ಯಾಮೆರಾಗಳಲ್ಲಿರುವ ಇ3 ಸಾಕೆಟ್ ಎಂದರೆ 2.5 ಮಿಲಿಮೀಟರ್ ದಪ್ಪದ ಸ್ಟೀರಿಯೊ ಜ್ಯಾಕ್, ಹಳೆಯ ಮೊಬೈಲುಗಳ ಇಯರ್‌ಫೋನ್ ಜ್ಯಾಕಿನ ತರಹದ್ದೇ. ಅದರ ಪ್ಲಗ್ಗಿನಲ್ಲಿ ಮೂರು ಲೋಹದ ಭಾಗಗಳಿವೆ: ತುದಿ ಶಟರಿಗೆ, ನಡುವಿನ ಉಂಗುರ ಫೋಕಸ್ಸಿಗೆ, ಬುಡ ಎರಡಕ್ಕೂ ಸಾಮಾನ್ಯವಾದ ಗ್ರೌಂಡ್. ಉಂಗುರವನ್ನು ಬುಡಕ್ಕೆ ತಾಗಿಸಿದರೆ ಗುಂಡಿಯನ್ನು ಅರ್ಧ ಒತ್ತಿದಂತೆ, ಕ್ಯಾಮೆರಾ ಫೋಕಸ್ ಮಾಡಿಕೊಳ್ಳುತ್ತದೆ. ತುದಿಯನ್ನೂ ತಾಗಿಸಿದರೆ ಪೂರ್ತಿ ಒತ್ತಿದಂತೆ, ಚಿತ್ರ ಮೂಡುತ್ತದೆ. ಕ್ಯಾನನ್‌ನ ಮೇಲ್ದರ್ಜೆಯ ಎನ್3, ನಿಕಾನ್‌ನ 10 ಪಿನ್ ಸಾಕೆಟ್, ಸೋನಿಯ ಮಲ್ಟಿ ಟರ್ಮಿನಲ್ ಇವುಗಳ ಆಕಾರ ಬೇರೆಯಾದರೂ ತತ್ವ ಇದೇ. ಪ್ಯಾನಸೋನಿಕ್ ಮಾತ್ರ ಹಲವು ಮಾದರಿಗಳಲ್ಲಿ ಬೇರೆ ಬೇರೆ ರೆಸಿಸ್ಟರ್ ಮೌಲ್ಯಗಳಿಂದ ಸಂಕೇತ ಕೊಡುವ ಕ್ರಮ ಇಟ್ಟುಕೊಂಡಿದೆ. ಪ್ಲಗ್ ಸಲೀಸಾಗಿ ಕೂತರೂ ಬೇರೆ ಕಂಪನಿಯ ಕೇಬಲ್ ಅಲ್ಲಿ ಕೆಲಸ ಮಾಡುವುದಿಲ್ಲ. ಹೀಗೆ ಎರಡು ತುದಿಗಳನ್ನು ತಾಗಿಸುವುದಷ್ಟೇ ಕೆಲಸವಾದ್ದರಿಂದ ಸಾಕೆಟ್ಟಿಗೆ ಹಾಕುವ ರಿಮೋಟಿಗೆ ಕ್ಯಾಮೆರಾ ಕಂಪನಿಯ ಮುದ್ರೆಯೇ ಬೇಕೆಂದಿಲ್ಲ.

ಅವಕೆಂಪು ರಿಮೋಟ್

ಟಿವಿ ರಿಮೋಟಿನ ತಂತ್ರವೇ ಇದು. ಕ್ಯಾನನ್ ಆರ್‌ಸಿ-6, ನಿಕಾನ್ ಎಂಎಲ್-ಎಲ್3, ಸೋನಿ ಆರ್‌ಎಂಟಿ-ಡಿಎಸ್‌ಎಲ್‌ಆರ್2 ಹೆಚ್ಚು ಬಳಕೆಯಲ್ಲಿದ್ದವು. ನಾಣ್ಯದಂಥ ಒಂದು ಸೆಲ್ ಸಾಕು, ಕ್ಯಾಮೆರಾ ಚೀಲದ ಮೂಲೆಯಲ್ಲಿ ಎಲ್ಲಿದೆ ಎಂದು ಗೊತ್ತೂ ಆಗದಷ್ಟು ಹಗುರ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಮಿತಿಗಳು ಕಿರಣದ ಸ್ವಭಾವದಿಂದಲೇ ಬರುತ್ತವೆ. ಕಿರಣ ನೇರವಾಗಿ ಗ್ರಾಹಕಕ್ಕೆ ಬೀಳಬೇಕು, ದೂರ ಸುಮಾರು 5 ಮೀಟರ್. ಬಿಸಿಲಿನಲ್ಲೂ ಅವಕೆಂಪು ಕಿರಣ ಧಾರಾಳವಾಗಿರುವುದರಿಂದ ನಡುಹಗಲಲ್ಲಿ ಆ ದೂರ ಇನ್ನೂ ಕುಗ್ಗುತ್ತದೆ. ಕೋಣೆಯೊಳಗೆ ಗೋಡೆಗೆ ಬಡಿದು ಮರಳಿದ ಕಿರಣವೂ ಕೆಲಸಕ್ಕೆ ಬರುತ್ತದೆ. ಬಯಲಿನಲ್ಲಿ ಕ್ಯಾಮೆರಾದ ಹಿಂದೆ ನಿಂತವರಿಗೆ ಆ ಅನುಕೂಲ ಇಲ್ಲ. ಗ್ರಾಹಕ ಹೆಚ್ಚಾಗಿ ಮುಂಭಾಗದಲ್ಲಿರುವುದರಿಂದ ಇದು ಕ್ಯಾಮೆರಾದ ಎದುರು ನಿಲ್ಲುವವರಿಗೆ, ಅಂದರೆ ಗುಂಪುಚಿತ್ರಕ್ಕೆ, ಹೇಳಿ ಮಾಡಿಸಿದ್ದು. ಪ್ರಕೃತಿ ದೃಶ್ಯ ತೆಗೆಯುವವರು ಕ್ಯಾಮೆರಾದ ಹಿಂದಿನಿಂದ ಕೈಚಾಚಿ ಮುಂದಕ್ಕೆ ರಿಮೋಟ್ ತೋರಿಸಬೇಕಾಗುತ್ತದೆ.

ಗುಂಡಿಯಲ್ಲಿ ಅರ್ಧ ಒತ್ತುವ ಹಂತ ಇಲ್ಲ. ಬಲ್ಬ್ ಸ್ಥಿತಿಯಲ್ಲಿ ಒಮ್ಮೆ ಒತ್ತಿದರೆ ಶಟರ್ ತೆರೆದು ಇನ್ನೊಮ್ಮೆ ಒತ್ತಿದಾಗ ಮುಚ್ಚುತ್ತದೆ. ಒತ್ತಿ ಹಿಡಿಯುವ ಶ್ರಮವಿಲ್ಲ ಎಂಬುದು ಇದರ ದೊಡ್ಡ ಗುಣ. ಬಳಸುವಾಗ ಕ್ಯಾಮೆರಾವನ್ನು ರಿಮೋಟ್ ಸ್ಥಿತಿಗೆ ತಂದಿಡಬೇಕು, ಮತ್ತು ನಿಕಾನ್‌ನ ಹಲವು ಮಾದರಿಗಳಲ್ಲಿ ಆ ಸ್ಥಿತಿ ಗೊತ್ತುಪಡಿಸಿದಷ್ಟು ನಿಮಿಷ ಕಾದು ತಾನೇ ರದ್ದಾಗುತ್ತದೆ. ರಿಮೋಟ್ ಕೆಟ್ಟಿತೆಂದು ಜನ ಅಂದುಕೊಳ್ಳುವುದು ಬಹುತೇಕ ಇಂಥ ಹೊತ್ತಿನಲ್ಲೇ. ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯಲು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ರಿಮೋಟ್ ಹಿಡಿದು ಒತ್ತಬೇಕು. ಕಣ್ಣಿಗೆ ಕಾಣದ ಕಿರಣ ಫೋನಿನ ತೆರೆಯ ಮೇಲೆ ನೇರಳೆ ಮಿಣುಕಾಗಿ ಕಂಡರೆ ರಿಮೋಟ್ ಸರಿಯಾಗಿದೆ.

ಕ್ಯಾನನ್‌ನ ಇಒಎಸ್ ಆರ್, ಆರ್5, ಆರ್6 ಮೊದಲಾದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅವಕೆಂಪು ಗ್ರಾಹಕವನ್ನು ಕೈಬಿಡಲಾಗಿದೆ. ಹಳೆಯ ಡಿಎಸ್‌ಎಲ್‌ಆರ್ ಇರುವವರಿಗೆ ಇದು ಇಂದಿಗೂ ಉತ್ತಮ ಆಯ್ಕೆ, ಹೊಸ ಕ್ಯಾಮೆರಾದವರಿಗೆ ಅಲ್ಲ.

ರೇಡಿಯೋ ರಿಮೋಟ್

ಇದರಲ್ಲಿ ಎರಡು ತುಂಡುಗಳಿವೆ: ಕೈಯಲ್ಲಿ ಹಿಡಿಯುವ ಪ್ರೇಷಕ, ಕ್ಯಾಮೆರಾದ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಮೇಲೆ ಕೂತು ಸಣ್ಣ ಕೇಬಲ್ಲಿನಿಂದ ಸಾಕೆಟ್ಟಿಗೆ ಸೇರುವ ಗ್ರಾಹಕ. ಯೊಂಗ್ನುವೊ, ಪಿಕ್ಸೆಲ್, ಫೋಟಿಕ್ಸ್, ಹಾನೆಲ್ ಕಂಪನಿಗಳ ರಿಮೋಟ್‌ಗಳು ಈ ಬಗೆಯವು. ನೇರ ನೋಟ ಬೇಕಿಲ್ಲ, ಬಿಸಿಲಿಗೆ ಬೆದರುವುದಿಲ್ಲ, ಗುಂಡಿಗೆ ಎರಡೂ ಹಂತ ಇರುತ್ತದೆ. ಕ್ಯಾಮೆರಾ ಬದಲಾದರೆ ಕೇಬಲ್ ಮಾತ್ರ ಬದಲಿಸಿದರಾಯಿತು. ಹಾಗಾಗಿ ಕೇಬಲ್ ಕಳಚಿ ಹಾಕಬಹುದಾದ ರೇಡಿಯೋ ರಿಮೋಟೇ ದೀರ್ಘಕಾಲ ಬಾಳುವ ಖರೀದಿ ಎಂಬುದು ಈ ಲೇಖಕನ ಅಭಿಪ್ರಾಯ.

ಪೆಟ್ಟಿಗೆಯ ಮೇಲೆ 100 ಮೀಟರ್ ಎಂದಿದ್ದರೆ ಅದು ಅಡೆತಡೆಯಿಲ್ಲದ ಬಯಲಿನ ಲೆಕ್ಕ. ಹೆಚ್ಚಿನವು ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳ ನಡುವೆ, ಜನರ ಗುಂಪಿನ ಆಚೆ, ಸ್ವಂತ ಮೈಯ ಮರೆಯಲ್ಲಿ ಅದು ಸೊರಗುತ್ತದೆ. 433 ಮೆಗಾಹರ್ಟ್ಸ್‌ನಂಥ ಕೆಳ ಆವರ್ತನಗಳು ಅಡ್ಡಿಗಳನ್ನು ಬಳಸಿಕೊಂಡು ಹೋಗುವುದರಲ್ಲಿ ಮೇಲು. ಆದರೆ ಯಾವ ಆವರ್ತನಕ್ಕೆ ಅನುಮತಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಪಾಕೆಟ್ ವಿಜಾರ್ಡ್ ಕಂಪನಿ ಅಮೆರಿಕಕ್ಕೂ ಯುರೋಪಿಗೂ ಬೇರೆ ಬೇರೆ ಆವರ್ತನದ ಘಟಕಗಳನ್ನು ಮಾಡುತ್ತದೆ. ಅಲ್ಲೊಂದು ಇಲ್ಲೊಂದು ಕೊಂಡರೆ ಅವು ಒಂದರ ಮಾತು ಒಂದಕ್ಕೆ ತಿಳಿಯದೆ ಕೂರುತ್ತವೆ. ಹೊರದೇಶದ ನೆಂಟರ ಕೈಯಲ್ಲಿ ಕ್ಯಾಮೆರಾ ಸಾಮಾನು ತರಿಸುವವರು ಇದನ್ನು ಗಮನಿಸಬೇಕು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳಿಗೆ ಬಳಕೆದಾರರು ಪರವಾನಗಿ ಪಡೆಯಬೇಕಿಲ್ಲ. ಆದರೆ ಅವನ್ನು ಆಮದು ಮಾಡಿ ಮಾರುವವರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಮಂಜೂರಾತಿ ಬೇಕು.

ಯೊಂಗ್ನುವೊ ಆರ್‌ಎಫ್-603ರಂಥ ಘಟಕಗಳ ಬ್ಯಾಟರಿ ಮುಚ್ಚಳ ತೆಗೆದರೆ ಒಳಗೆ ನಾಲ್ಕು ಪುಟ್ಟ ಬಿಳಿ ಸ್ವಿಚ್ಚುಗಳ ಸಾಲು ಕಾಣಿಸುತ್ತದೆ, ಉಗುರಿನ ತುದಿಯಿಂದ ಸರಿಸುವಷ್ಟು ಚಿಕ್ಕವು. ಅವುಗಳ ಮೇಲು ಕೆಳಗಿನ ಜೋಡಣೆಯಿಂದ 16 ಚಾನೆಲ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕಲ್ಯಾಣ ಮಂಟಪದಲ್ಲಿ ವರನ ಕಡೆಯವರೂ ವಧುವಿನ ಕಡೆಯವರೂ ಕರೆಸಿದ ಇಬ್ಬರು ಛಾಯಾಗ್ರಾಹಕರು ಕಾರ್ಖಾನೆಯಿಂದ ಬಂದ ಜೋಡಣೆಯಲ್ಲೇ ಬಿಟ್ಟಿದ್ದರೆ, ಒಬ್ಬರು ಒತ್ತಿದಾಗ ಇನ್ನೊಬ್ಬರ ಕ್ಯಾಮೆರಾ ಅಥವಾ ಫ್ಲ್ಯಾಶ್ ಕೆಲಸ ಮಾಡಿಬಿಡುತ್ತದೆ. ತಂದ ದಿನವೇ ಚಾನೆಲ್ ಬದಲಿಸಿಟ್ಟುಕೊಳ್ಳುವುದು ಕ್ಷೇಮ.

ಗ್ರಾಹಕವನ್ನು ಕೇಬಲ್ಲಿನಿಂದ ಜೋತುಬೀಳಲು ಬಿಡಬಾರದು; ಗಾಳಿಗೆ ತೂಗಿ ಟ್ರೈಪಾಡನ್ನೇ ಅಲುಗಿಸುತ್ತದೆ. ಇಂಟರ್‌ವಲೋಮೀಟರ್ ಸೇರಿರುವ ರೇಡಿಯೋ ರಿಮೋಟುಗಳೂ ಇವೆ. ಎಷ್ಟು ಸೆಕೆಂಡಿಗೊಮ್ಮೆ, ಎಷ್ಟು ಹೊತ್ತು ತೆರೆದಂತೆ, ಒಟ್ಟು ಎಷ್ಟು ಚಿತ್ರ ಎಂದು ಮೊದಲೇ ಹೇಳಿಟ್ಟರೆ ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ನಕ್ಷತ್ರದ ಕಮಾನು, ಮೋಡದ ಟೈಮ್‌ಲ್ಯಾಪ್ಸ್ ಬೇಕೆನ್ನುವವರಿಗೆ ಇಂಟರ್‌ವಲೋಮೀಟರ್ ಬೇಕೇ ಬೇಕು, ಕ್ಯಾಮೆರಾದಲ್ಲೇ ಆ ಸೌಲಭ್ಯ ಇಲ್ಲದಿದ್ದರೆ. ಹಲವು ಹೊಸ ಕ್ಯಾಮೆರಾಗಳಲ್ಲಿ ಅದು ಇರುವುದರಿಂದ ಮೆನು ನೋಡದೆ ಕೊಳ್ಳಬೇಡಿ.

ಬ್ಲೂಟೂತ್ ಮತ್ತು ಫೋನ್

2017ರಲ್ಲಿ ಕ್ಯಾನನ್ ತನ್ನ 77ಡಿ, 800ಡಿ ಕ್ಯಾಮೆರಾಗಳ ಜೊತೆಗೆ ಬಿಆರ್-ಇ1 ಎಂಬ ಬ್ಲೂಟೂತ್ ರಿಮೋಟನ್ನು ತಂದಿತು. 2019ರಲ್ಲಿ ಸೋನಿಯ ಆರ್‌ಎಂಟಿ-ಪಿ1ಬಿಟಿ ಬಂತು. ನಿಕಾನ್‌ನಲ್ಲಿ ಎಂಎಲ್-ಎಲ್7. ದೂರ ಹೆಚ್ಚಾಗಿ ಅವಕೆಂಪಿನಷ್ಟೇ, 5 ಮೀಟರ್ ಆಸುಪಾಸು. ಆದರೆ ಎದುರು ನಿಲ್ಲಬೇಕಿಲ್ಲ, ಹಿಂದಿನಿಂದಲೋ ಜೇಬಿನೊಳಗಿನಿಂದಲೋ ಒತ್ತಬಹುದು. ಹಾಟ್ ಶೂ ಖಾಲಿ ಉಳಿಯುತ್ತದೆ, ಕೇಬಲ್ಲಿನ ಕಾಟ ಇಲ್ಲ. ಸೋನಿಯ ರಿಮೋಟಿನಲ್ಲಿ ಫೋಕಸ್ ಸರಿಹೊಂದಿಸುವ ಗುಂಡಿಯೂ ಇದೆ. ಮ್ಯಾಕ್ರೋ ಕೆಲಸಕ್ಕೆ ಇದು ವರದಾನ. ಮೊದಲ ಸಲ ಕ್ಯಾಮೆರಾದೊಡನೆ ಜೋಡಿ ಮಾಡಿಸಬೇಕು. ಕೆಲವು ಹಳೆಯ ಮಾದರಿಗಳು ಫರ್ಮ್‌ವೇರ್ ನವೀಕರಿಸಿದ ಮೇಲೆಯೇ ಇದನ್ನು ಗುರುತಿಸುತ್ತವೆ. ಒಂದು ಕಂಪನಿಯ ರಿಮೋಟ್ ಇನ್ನೊಂದರ ಕ್ಯಾಮೆರಾಕ್ಕೆ ಆಗುವುದಿಲ್ಲ.

ಫೋನಿನ ಆ್ಯಪ್ ಪುಕ್ಕಟೆ. ಕ್ಯಾನನ್‌ನ ಕ್ಯಾಮೆರಾ ಕನೆಕ್ಟ್, ಫ್ಯೂಜಿಫಿಲ್ಮ್‌ನ ಎಕ್ಸ್‌ಆ್ಯಪ್, ಸೋನಿಯ ಕ್ರಿಯೇಟರ್ಸ್ ಆ್ಯಪ್ ಇವು ಕ್ಯಾಮೆರಾ ಕಾಣುತ್ತಿರುವುದನ್ನೇ ಫೋನಿನಲ್ಲಿ ತೋರಿಸುತ್ತವೆ. ನೆಲಕ್ಕೆ ತಾಗಿಸಿಟ್ಟ ಕ್ಯಾಮೆರಾದಿಂದ ಅಣಬೆಯ ಚಿತ್ರ ತೆಗೆಯುವಾಗ ಕೆಸರಿನಲ್ಲಿ ಮಲಗದೆ ಚೌಕಟ್ಟು ನೋಡಬಹುದು. ಬೇರೆ ರಿಮೋಟುಗಳು ಸಾಮಾನ್ಯವಾಗಿ ಕೊಡದ ಸೌಕರ್ಯ ಇದು. ಆದರೆ ವೈ-ಫೈ ಎರಡೂ ಕಡೆಯ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಫೋನಿನ ತೆರೆಯ ಮೇಲಿನ ಚಿತ್ರ ಒಂದಿಷ್ಟು ತಡವಾಗಿ ಬರುತ್ತದೆ, ನಡುವೆ ಸಂಪರ್ಕ ಕಡಿಯುವುದೂ ಸಾಮಾನ್ಯ. ಹಾರುವ ಹಕ್ಕಿಗೆ ಇದನ್ನು ನೆಚ್ಚಲಾಗದು. ಅವಕೆಂಪು ಎಲ್‌ಇಡಿ ಇರುವ ಶಿಯೋಮಿಯ ಹಲವು ಫೋನುಗಳನ್ನು ಸೂಕ್ತ ಆ್ಯಪ್ ಹಾಕಿ ಹಳೆಯ ಕ್ಯಾಮೆರಾಗಳಿಗೆ ಅವಕೆಂಪು ರಿಮೋಟಾಗಿಯೂ ಬಳಸಬಹುದು.

ಆರಿಸುವಾಗ, ಬಳಸುವಾಗ

ಗುಂಪುಚಿತ್ರಕ್ಕೆ ಅವಕೆಂಪು ಅಥವಾ ಬ್ಲೂಟೂತ್ ಸಾಕು. ಮರೆಯಲ್ಲಿ ಕೂತು ಹಕ್ಕಿ ತೆಗೆಯುವವರಿಗೆ ರೇಡಿಯೋ. ಗಂಟೆಗಟ್ಟಲೆ ನಡೆಯುವ ರಾತ್ರಿ ಆಕಾಶದ ಕೆಲಸಕ್ಕೆ ಮಾತ್ರ, ನಿಸ್ತಂತುವಿನ ಮೋಹ ಬಿಟ್ಟು ತಂತಿಯ ಇಂಟರ್‌ವಲೋಮೀಟರನ್ನೇ ಕೊಳ್ಳಬೇಕು ಎಂಬುದು ಅನುಭವಿಗಳ ಸಲಹೆ, ಅದು ಸರಿಯಾದದ್ದೇ. ಅಲ್ಲಿ ಛಾಯಾಗ್ರಾಹಕ ಹೇಗೂ ಕ್ಯಾಮೆರಾದ ಬಳಿಯೇ ಇರುತ್ತಾನೆ. ಗ್ರಾಹಕದ ಬ್ಯಾಟರಿ ನಡುರಾತ್ರಿ ಮುಗಿದರೆ ಕಮಾನು ಅಲ್ಲಿಗೇ ತುಂಡಾಗುತ್ತದೆ. ಮುಂಗಾರಿಗೆ ಮೊದಲಿನ ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಮಿಂಚು ಹಿಡಿಯಲು ಹೊರಟವರ ಪಾಡು ಬೇರೆ. ಮಿಂಚಿನ ಬೆಳಕನ್ನು ಗ್ರಹಿಸಿ ಶಟರ್ ತೆರೆಯುವ ಮಯಾಪ್ಸ್, ಪ್ಲೂಟೊ ಟ್ರಿಗರ್‌ನಂಥ ಸಾಧನಗಳಿವೆ. ರಾತ್ರಿಯಾದರೆ ಅವೂ ಬೇಡ, ಒಂದರ ಹಿಂದೊಂದು 20–30 ಸೆಕೆಂಡಿನ ಎಕ್ಸ್‌ಪೋಷರ್ ಕೊಡುತ್ತ ಹೋದರೆ ಮಿಂಚು ತಾನೇ ಬಂದು ಬೀಳುತ್ತದೆ. ಕ್ಯಾಮೆರಾವನ್ನು ಹೊರಗಿಟ್ಟು, ರಿಮೋಟ್ ಹಿಡಿದವರು ಮನೆಯೊಳಗೇ ಇರುವುದು ಪ್ರಾಣಕ್ಕೆ ಒಳ್ಳೆಯದು.

ರಿಮೋಟ್ ಒತ್ತಿದಾಗ ಆಟೋಫೋಕಸ್ ಗುರಿ ಸಿಗದೆ ತಡಕಾಡಿದರೆ ಕ್ಯಾಮೆರಾ ಚಿತ್ರವನ್ನೇ ತೆಗೆಯದೆ ಸುಮ್ಮನಿರಬಹುದು. ಮೊದಲೇ ಫೋಕಸ್ ಮಾಡಿ ಲೆನ್ಸನ್ನು ಮ್ಯಾನ್ಯುಯಲ್‌ಗೆ ಸರಿಸಿಡುವುದೇ ಇದಕ್ಕೆ ಮದ್ದು. ಡಿಎಸ್‌ಎಲ್‌ಆರ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಣ್ಣು ಇಡದೆ ಬಿಟ್ಟ ವ್ಯೂಫೈಂಡರಿನ ಹಿಂಬದಿಯಿಂದ ನುಗ್ಗಿದ ಬೆಳಕು ಲೈಟ್ ಮೀಟರನ್ನು ದಾರಿ ತಪ್ಪಿಸಿ ಚಿತ್ರವನ್ನು ಕಪ್ಪಾಗಿಸುತ್ತದೆ. ಕ್ಯಾನನ್ ಕ್ಯಾಮೆರಾಗಳ ಕತ್ತಿನ ಪಟ್ಟಿಯಲ್ಲಿ ಪೋಣಿಸಿರುವ, ಏನಕ್ಕೆಂದು ಬಹಳ ಜನರಿಗೆ ತಿಳಿಯದ ರಬ್ಬರ್ ತುಂಡು ಆ ಕಿಂಡಿಯನ್ನು ಮುಚ್ಚಲೆಂದೇ ಇರುವುದು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕ್ಯಾಮೆರಾವನ್ನು ಇಟ್ಟು ಬರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಕ್ಕಿಯ ಗೂಡಿನೆದುರು ರಿಮೋಟ್ ಕ್ಯಾಮೆರಾ ಇಡುವುದನ್ನಂತೂ ಎಲ್ಲಿಯೂ ಮಾಡಬಾರದು. ಹೊಸ ವಸ್ತುವಿಗೆ ಹೆದರಿದ ತಾಯಿ ಮರಳದೆ ಹೋದರೆ ಮರಿಗಳು ಉಳಿಯುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದಾಗ ರಿಮೋಟಿನ ಬ್ಯಾಟರಿ ತೆಗೆದಿಡಬೇಕು, ಸೋರಿದ ಬ್ಯಾಟರಿ ಸಂಪರ್ಕದ ತಗಡುಗಳನ್ನು ತಿಂದುಹಾಕುತ್ತದೆ. ಸಿಆರ್2032, ಸಿಆರ್2025 ಬಗೆಯ ನಾಣ್ಯ ಸೆಲ್‌ಗಳು ಮಕ್ಕಳ ಕೈಗೆ ಸಿಗದಂತಿರಲಿ. ಮಗು ನುಂಗಿದರೆ ಅದು ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ; ಅಂಥ ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.